ತೋಡಿನಾಚೆಯ ಮಿಂಚುಳ್ಳಿ

ಮೊನ್ನೆ ಅಕ್ಕಿಯ ಡ್ರಮ್ಮಿನ ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಇಳಿಸಿದೆ. ಕುಚ್ಚಲಕ್ಕಿಯ ಬೆಚ್ಚನೆಯ ತವುಡಿನ ವಾಸನೆಯ ಜೊತೆಗೆ ಹಳೆಯ ಚರ್ಮದ ವಾಸನೆಯೊಂದು ಮೇಲೆದ್ದು ಬಂತು. ಆ ವಾಸನೆ ನನ್ನ ದುರ್ಬೀನಿನದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮಸೂರಗಳ ಒಳಗೆ ಬೂಷ್ಟು ಹಿಡಿಯುತ್ತದೆ. ಒಣ ಅಕ್ಕಿಯಲ್ಲಿ ಹೂತಿಟ್ಟರೆ ಹಿಡಿಯುವುದಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಒಂದು ದುರ್ಬೀನು ಹಾಳು ಮಾಡಿಕೊಂಡು ನಾನೇ ಕಲಿತದ್ದು. ಅನ್ನಕ್ಕೆ ಅಕ್ಕಿ ಅಳೆಯುವಾಗ ಸೇರಿಗೆ ದುರ್ಬೀನಿನ ಪಟ್ಟಿ ತೊಡರಿಕೊಳ್ಳುವುದು ನನ್ನ ಹೆಂಡತಿಗೆ ಅಭ್ಯಾಸವಾಗಿದೆ. ಈ ಸಲ ಅವಳು ಕೇಳಿದ್ದು ಇಷ್ಟೇ: "ಬಂತಾ ಹಕ್ಕಿ?" ಬಂದಿಲ್ಲ ಎಂದೆ. "ಮತ್ತೆ ಈಗಲೇ ಯಾಕೆ ತೆಗೆದದ್ದು?" ಎಂದಳು. ಹುಣ್ಣಿಮೆಗೆ ಇನ್ನು ಹದಿಮೂರು ದಿನ. ಅಷ್ಟರೊಳಗೆ ಹಕ್ಕಿ ಬರದಿದ್ದರೆ ಏನು ಮಾಡುವುದೆಂದು ತಿಳಿಯದೆ, ಕೈಗೆ ಕೆಲಸ ಬೇಕೆಂದು ತೆಗೆದೆ.

ಹುಣ್ಣಿಮೆಗೂ ಹಕ್ಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ. ಆದರೆ ಮೊದಲು ನಾನು ಎಂಥ ಮನುಷ್ಯ ಎಂಬುದನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ.

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಮೂವತ್ತು ವರ್ಷ ಗುರುವಾಯನಕೆರೆಯಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿದ್ದೆ. ಯಾವ ಬಸ್ಸು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನಿಗೆ ಜನ ಸಿಗುವುದಿಲ್ಲ. ಆದ್ದರಿಂದ ತಡವಾಗಿ ಬಂದ ಪ್ರತಿಯೊಬ್ಬ ಕಂಡಕ್ಟರನ ಬಾಯಲ್ಲೂ ಒಂದು ಕಥೆ ಇರುತ್ತಿತ್ತು. ಟಯರು ಪಂಚರಾಯಿತು, ದನ ಅಡ್ಡ ಮಲಗಿತ್ತು, ಮುದುಕಿಯೊಬ್ಬಳು ಇಳಿಯುವುದಕ್ಕೆ ಕಾಲು ಗಂಟೆ ತೆಗೆದುಕೊಂಡಳು. ದಿನಕ್ಕೆ ಇಪ್ಪತ್ತು ಕಥೆ ಕೇಳಿದರೆ ಮನುಷ್ಯ ಏನಾಗುತ್ತಾನೆ? ನಾನು ನನ್ನ ಕಣ್ಣಿಗೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ನಂಬದವನಾದೆ. ಗೂಬೆ ಕೂಗಿದರೆ ಊರಿನಲ್ಲಿ ಸಾವು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಾನು ಎರಡು ವರ್ಷ ಗೂಬೆ ಕೂಗಿದ ದಿನಗಳನ್ನೂ ಸತ್ತವರ ಹೆಸರುಗಳನ್ನೂ ಎದುರುಬದುರು ಬರೆದಿಟ್ಟೆ. ಗೂಬೆ ಸುಮ್ಮನಿದ್ದ ದಿನ ಸತ್ತವರೇ ಹೆಚ್ಚು. ಈ ಸಂಗತಿಯನ್ನು ಉತ್ಸಾಹದಿಂದ ಒಂದು ಸಾವಿನ ಮನೆಯಲ್ಲಿ ವಿವರಿಸಲು ಹೋಗಿ ಬೈಸಿಕೊಂಡೆ. ಆದರೆ ಗೂಬೆಯಿಂದಾಗಿ ಹಕ್ಕಿಗಳ ಹುಚ್ಚು ಹಿಡಿಯಿತು. ಗ್ರಂಥಾಲಯದಿಂದ ಪುಸ್ತಕ ತಂದು, ಬಸ್ಸು ಬಸ್ಸುಗಳ ನಡುವೆ ಓದಿ ಕಲಿತೆ. ಹಕ್ಕಿಗಳಿಗೂ ಒಂದು ಪುಸ್ತಕ ಮಾಡಿದೆ: ಹೆಸರು, ಸ್ಥಳ, ದಿನ, ಗಂಟೆ, ನಿಮಿಷ. ಕಣ್ಣಾರೆ ಕಂಡದ್ದು ಮಾತ್ರ.

ನನ್ನ ಮೇಜಿನ ಎದುರಿಗೇ, ಮೆಟ್ಟಿಲಿನ ಕೆಳಗಿನ ಗೂಡಿನಂಥ ಜಾಗದಲ್ಲಿ, ನೇಮಿರಾಜರ ಗಡಿಯಾರ ರಿಪೇರಿ ಅಂಗಡಿ ಇತ್ತು. ಜೈನರು, ಅಳದಂಗಡಿಯಿಂದ ಒಳಗೆ ಅವರ ಮನೆ. ನನಗಿಂತ ಏಳೆಂಟು ವರ್ಷಕ್ಕೆ ಹಿರಿಯರು. ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ಎತ್ತುತ್ತಿದ್ದ ಆ ಕಣ್ಣನ್ನು ಇಡೀ ಬಸ್ ಸ್ಟ್ಯಾಂಡು ನಂಬುತ್ತಿತ್ತು. ದಿನವೂ ಬೆಳಿಗ್ಗೆ ನಾನು ನನ್ನ ಕೀ ಕೊಡುವ ಕೈಗಡಿಯಾರವನ್ನು ಬಿಚ್ಚಿ ಅವರ ಅಂಗೈಯಲ್ಲಿಡುತ್ತಿದ್ದೆ. ಅವರು ಅದನ್ನು ಮೊದಲು ಕಿವಿಗೆ ಹಿಡಿಯುತ್ತಿದ್ದರು, ಆಮೇಲೆ ಮುಳ್ಳು ಸರಿ ಮಾಡಿ ಕೊಡುತ್ತಿದ್ದರು. ಇಡೀ ಸ್ಟ್ಯಾಂಡಿನ ಬಸ್ಸುಗಳು ನನ್ನ ಗಡಿಯಾರದಂತೆ ಓಡುತ್ತಿದ್ದವು, ನನ್ನ ಗಡಿಯಾರ ಅವರ ಮಾತಿನಂತೆ. ಹಕ್ಕಿಗಳ ವಿಷಯ ಅವರೊಡನೆ ಮಾತ್ರ ಮಾತಾಡುತ್ತಿದ್ದೆ. ಉಳಿದವರಿಗೆ ಅದು ತಮಾಷೆ.

ಹದಿನೆಂಟು ವರ್ಷಗಳ ಹಿಂದೆ, ಇಂಥದೇ ಮಳೆಗಾಲದ ಒಂದು ಬೆಳಿಗ್ಗೆ, ಅವರು ಗಡಿಯಾರ ಹಿಂದಕ್ಕೆ ಕೊಡುತ್ತಾ ತಗ್ಗಿದ ದನಿಯಲ್ಲಿ ಹೇಳಿದರು. ಅವರ ಮನೆಯ ಹಿಂದೆ ಒಂದು ತೋಡು, ಮಳೆಗಾಲದಲ್ಲಿ ತುಂಬಿ ಹರಿಯುವ ಸಣ್ಣ ಹಳ್ಳ; ಅದರ ಆಚೆ ಗೋಡೆಯಂತೆ ನಿಂತ ಮಣ್ಣಿನ ದರೆ. ಆ ದರೆಯಿಂದ ಹಿಂದಿನ ಸಂಜೆ ಒಂದು ಹಕ್ಕಿ ಹೊರಟಿತಂತೆ. ಗುಬ್ಬಿಗಿಂತ ಸಣ್ಣದು, ಕಿತ್ತಳೆಯ ಕೊಕ್ಕು, ಹಳದಿ ಹೊಟ್ಟೆ, ಬೆನ್ನಿನ ಮೇಲೆ ನೇರಳೆ. ಅದು ಮೂರು ಬೆರಳಿನ ಮಿಂಚುಳ್ಳಿ. ನಮ್ಮ ದೇಶದ ಮಿಂಚುಳ್ಳಿಗಳಲ್ಲೇ ಅತಿ ಸಣ್ಣದು, ಮಳೆಯ ಜೊತೆ ಬಂದು ದರೆಯಲ್ಲಿ ಬಿಲ ಕೊರೆದು ಮರಿ ಮಾಡಿ, ಮಳೆಯ ಜೊತೆ ಹೋಗುವಂಥದು. ನನ್ನಲ್ಲಿದ್ದ ಪುಸ್ತಕದಲ್ಲಿ ಅದರ ಚಿತ್ರವಿತ್ತು. ಪಕ್ಕದಲ್ಲಿ ಅದು ಎಲ್ಲೆಲ್ಲಿ ಉಂಟು ಎಂಬ ನಕ್ಷೆಯೂ ಇತ್ತು. ನಮ್ಮ ಕಡೆ ಆ ನಕ್ಷೆಯಲ್ಲಿ ಬಣ್ಣವಿರಲಿಲ್ಲ.

ತೋರಿಸಿ, ಭಾನುವಾರ ಬರುತ್ತೇನೆ, ದಾಟಿ ಹೋಗಿ ಗೂಡು ನೋಡುವ ಎಂದೆ. ನೇಮಿರಾಜರು ತಲೆ ಅಲ್ಲಾಡಿಸಿದರು. "ಈಗ ತೋಡು ದಾಟುವ ಹಾಗಿಲ್ಲ ಶೆಟ್ರೆ. ದೀಪಾವಳಿ ಕಳೀಲಿ, ಹೋಗುವ."

ಇಲ್ಲಿಂದ ನನ್ನ ಅವಿವೇಕ ಶುರುವಾಗುತ್ತದೆ. ಜೈನರ ಚಾತುರ್ಮಾಸದ ಬಗ್ಗೆ ನಾನು ಓದಿದ್ದೆ. ಮಳೆಗಾಲದ ನಾಲ್ಕು ತಿಂಗಳು ಹುಲ್ಲು ಹುಳುಗಳನ್ನು ತುಳಿಯದಿರಲೆಂದು ಮುನಿಗಳು ಒಂದೇ ಊರಿನಲ್ಲಿ ನಿಲ್ಲುತ್ತಾರೆ ಎಂದು ತಿಳಿದಿತ್ತು. ಆದರೆ ಅದು ಮುನಿಗಳಿಗೆ. ಗಡಿಯಾರ ರಿಪೇರಿಯವರಿಗಲ್ಲ ಎಂಬುದು ನನ್ನ ಪಾಂಡಿತ್ಯ. ದಿನವೂ ಬಸ್ಸಿನಲ್ಲಿ ಅಂಗಡಿಗೆ ಬರುವ ಮನುಷ್ಯ ಎರಡು ಮಾರು ಅಗಲದ ನೀರು ದಾಟಲಾರನೆ? ಸುತ್ತ ನಾಲ್ಕೈದು ಕಂಡಕ್ಟರುಗಳು ನಿಂತಿದ್ದರು. ಅವರಿಗೆ ಕೇಳುವಂತೆ ಹೇಳಿದೆ: "ಹಕ್ಕಿ ದೀಪಾವಳಿವರೆಗೆ ನಿಮಗೆ ಕಾಯ್ತದಾ? ಇದು ಲೇಟಾಗಿ ಬಂದವ ಹೇಳುವ ಮಾತು ನೇಮಿರಾಜರೆ."

ಎಲ್ಲರೂ ನಕ್ಕರು. ನೇಮಿರಾಜರು ಮಸೂರವನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡರು. ಹಿಡಿದ ವ್ರತವನ್ನು ಸಾರಿಕೊಂಡು ತಿರುಗಬಾರದೆಂಬುದು ಅವರ ರೀತಿ ಎಂದು ನನಗೆ ಆಗ ಗೊತ್ತಿರಲಿಲ್ಲ. ಮರುದಿನದಿಂದ ಡ್ರೈವರುಗಳು ಅಂಗಡಿಯ ಮುಂದೆ ಹಾದು ಹೋಗುವಾಗ "ಹಕ್ಕಿ ಬಂತಾ?" ಎಂದು ಕೇಳಲು ಹಿಡಿದರು. ತಿಂಗಳುಗಟ್ಟಲೆ ಕೇಳಿದರು. ನೇಮಿರಾಜರು ಬೆಳಿಗ್ಗೆ ಕೈ ಚಾಚುತ್ತಿದ್ದರು, ಗಡಿಯಾರ ಸರಿ ಮಾಡುತ್ತಿದ್ದರು, ಹಿಂದಕ್ಕೆ ಕೊಡುತ್ತಿದ್ದರು. ಮಾತಿಲ್ಲ. ಒಬ್ಬ ಮನುಷ್ಯನ ಮೌನವನ್ನು ಕೈಗೆ ಕಟ್ಟಿಕೊಂಡು ನಾನು ಇಡೀ ದಿನ ಬಸ್ಸುಗಳ ಸಮಯ ಬರೆಯುತ್ತಿದ್ದೆ.

ನಾನೇ ಒಂದು ಭಾನುವಾರ ಹೋಗಿ ನೋಡಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಿರಬೇಕು. ಬಸ್ಸೂ ಕಾಲುದಾರಿಯೂ ಸೇರಿ ಒಂದು ಗಂಟೆಯ ದಾರಿ. ಹೋಗಲಿಲ್ಲ. ನಮ್ಮ ಕಡೆ ಇದೆಯೆಂದು ಪುಸ್ತಕದಲ್ಲೇ ಇಲ್ಲ ಎಂದ ಮೇಲೆ ಹೋಗುವುದೇಕೆ ಎಂದುಕೊಂಡೆ. ಬದುಕಿನಲ್ಲಿ ಯಾರ ಮಾತನ್ನೂ ನಂಬದವನು ಒಂದು ನಕ್ಷೆಯ ಬಿಳಿ ಜಾಗವನ್ನು ನಂಬಿದೆ. ನಿಜ ಹೇಳಬೇಕೆಂದರೆ, ಹೋಗಿ ಹಕ್ಕಿ ಕಂಡುಬಿಟ್ಟರೆ ಏನು ಮಾಡುವುದೆಂಬ ಭಯವೂ ಇತ್ತು. ಎರಡು ವರ್ಷಗಳಲ್ಲಿ ನನ್ನ ಕೆಲಸ ಮುಗಿಯಿತು. ಹೆಂಡತಿಯ ಊರಾದ ಪೊಳಲಿಗೆ ಬಂದು ನೆಲೆಸಿದೆ. ನೇಮಿರಾಜರೂ ಅಂಗಡಿ ಮುಚ್ಚಿ ಮೂಡುಬಿದಿರೆಯಲ್ಲಿ ಮಗಳ ಮನೆ ಸೇರಿದರೆಂದು ಯಾರೋ ಹೇಳಿದರು.

ಕಳೆದ ವರ್ಷ, ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ, ಬೆಳ್ತಂಗಡಿಯಲ್ಲಿರುವ ನನ್ನ ಅಳಿಯ, ಎಂದರೆ ತಂಗಿಯ ಮಗ, ಮೊಬೈಲಿಗೆ ಒಂದು ಚಿತ್ರ ಕಳಿಸಿದ. ಕಿತ್ತಳೆಯ ಕೊಕ್ಕು, ಹಳದಿ ಹೊಟ್ಟೆ, ನೇರಳೆ ಬೆನ್ನು. ಅಳದಂಗಡಿಯ ಹತ್ತಿರ ಒಂದು ತೋಡಿನ ದರೆಯಲ್ಲಿ ಗೂಡು ಮಾಡಿದೆ, ಪುಣೆಯಿಂದೆಲ್ಲ ಜನ ಬಂದು ಫೋಟೋ ತೆಗೆಯುತ್ತಿದ್ದಾರೆ ಎಂದು ಕೆಳಗೆ ಬರೆದಿದ್ದ. ಮೊದಲು ನನಗೆ ಬಂದ ಯೋಚನೆ, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ಚಿತ್ರ ಬೇರೆ ಎಲ್ಲಿಯದೋ ಇರಬಹುದು ಎಂಬುದು. ಫೋನು ಮಾಡಿ ತೋಡು ಯಾವುದು, ಪಕ್ಕದ ಮನೆ ಯಾರದು, ದರೆ ಯಾವ ದಿಕ್ಕಿಗೆ ಎಂದು ಕೇಳಿದೆ. ಅವನು ಹೇಳಿದ ಒಂದೊಂದು ಗುರುತೂ ನೇಮಿರಾಜರ ಮನೆಯ ಹಿಂದಕ್ಕೇ ಹೋಗಿ ನಿಂತಿತು. ಆ ಹೊತ್ತಿಗೆ ನನಗೆ ಇನ್ನೊಂದು ಸುದ್ದಿಯೂ ತಿಳಿದಿತ್ತು: ನೇಮಿರಾಜರ ಕಣ್ಣು ಪೂರ್ತಿ ಹೋಗಿದೆ, ಆರೋಗ್ಯವೂ ಅಷ್ಟಕ್ಕಷ್ಟೆ.

ಹೋಗಬೇಕು, ನೋಡಬೇಕು, ನೋಡಿದ ಮೇಲೆ ಅದೇ ದಿನ ಮೂಡುಬಿದಿರೆಗೆ ಹೋಗಿ ಹೇಳಬೇಕು. ನೋಡದೆ ಹೇಳುವುದು ನನ್ನ ಜಾಯಮಾನದಲ್ಲಿ ಇರಲಿಲ್ಲ.

ಕಾರಿನಲ್ಲಿ ತಿರುಗುವ ನಿಮಗೆ ಇದೊಂದು ದೂರವೇ ಅನ್ನಿಸಲಿಕ್ಕಿಲ್ಲ. ಎಪ್ಪತ್ತೈದರ ಮುದುಕನಿಗೆ, ಒಂದು ಕೆಟ್ಟ ಮೊಣಕಾಲು ಮತ್ತು ಸಕ್ಕರೆ ಕಾಯಿಲೆಯ ಜೊತೆಗೆ, ಬಂಟ್ವಾಳ ತಾಲೂಕಿನಿಂದ ಬೆಳ್ತಂಗಡಿ ತಾಲೂಕಿಗೆ ಹೋಗಿ, ಅಲ್ಲಿಂದ ಮೂಡುಬಿದಿರೆ ಸೇರಿ, ಮನೆಗೆ ತಿರುಗಿ ಬರುವುದೆಂದರೆ ಆರು ಬಸ್ಸು. ಪೊಳಲಿಯಿಂದ ಮೊದಲ ಬಸ್ಸಿಗೆ ಹೊರಟೆ. ಆಟಿಯಲ್ಲಿ ಮದುವೆಗಳಿಲ್ಲದ್ದರಿಂದ ಕಿಟಕಿಯ ಬದಿಯ ಸೀಟು ಸಿಕ್ಕಿತು. ಬಿ.ಸಿ.ರೋಡಿನಲ್ಲಿ ಬಸ್ಸು ನಾಲ್ಕು ನಿಮಿಷ ತಡ. ಪುಂಜಾಲಕಟ್ಟೆಯಲ್ಲಿ ಇನ್ನೂ ಮೂರು. ನನ್ನ ಕೈ ತಾನಾಗಿಯೇ ಜೇಬಿನ ಪೆನ್ನಿಗೆ ಹೋಗುತ್ತಿತ್ತು. ದಾರಿಯುದ್ದಕ್ಕೂ ಎರಡು ಭಯಗಳು ನನ್ನೊಳಗೆ ಒಂದರ ಹಿಂದೆ ಒಂದು ಓಡುವ ಬಸ್ಸುಗಳಂತೆ ಜಗಳವಾಡುತ್ತಿದ್ದವು. ಹಕ್ಕಿ ಅಲ್ಲಿ ಇರದಿದ್ದರೆ? ಹಕ್ಕಿ ಅಲ್ಲಿ ಇದ್ದರೆ? ಯಾವುದು ದೊಡ್ಡ ಭಯ ಎಂದು ಗುರುವಾಯನಕೆರೆ ಬರುವವರೆಗೂ ತಿಳಿಯಲಿಲ್ಲ. ಅಲ್ಲಿ ಇಳಿದಾಗ ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿ ಮೊಬೈಲು ಕವರುಗಳನ್ನು ತೂಗುಹಾಕಿದ್ದರು. ನಾನು ಆ ಕಡೆ ನೋಡದೆ ಅಳದಂಗಡಿಯ ಬಸ್ಸು ಹತ್ತಿದೆ.

ಅಳದಂಗಡಿಯಿಂದ ರಿಕ್ಷಾ, ರಿಕ್ಷಾ ಇಳಿದು ಕಾಲುದಾರಿ. ತೋಡಿನ ಬದಿಯ ಮನೆಯ ಲೀಲಕ್ಕ ಎಂಬ ಹೆಂಗಸು ಮಳೆಗೆ ಎಲೆಯ ಗೊರಬೆ ಹೊದ್ದುಕೊಂಡು ದನಕ್ಕೆ ಹುಲ್ಲು ಕೊಯ್ಯುತ್ತಿದ್ದರು. ನನ್ನ ಕೊರಳಿನ ದುರ್ಬೀನು ಕಂಡದ್ದೇ ವಿಷಯ ತಿಳಿಯಿತು. "ಹಕ್ಕಿಗಾ? ಪೂನಾದವರು ನಿನ್ನೆ ಹೋದ್ರು. ನನ್ನ ಮದುವೆಗೂ ಇಷ್ಟು ದೂರದಿಂದ ಜನ ಬರ್ಲಿಲ್ಲ ಮಾರಾಯ್ರೆ" ಎಂದು ನಕ್ಕು, ತೋಡಿಗೆ ಅಡ್ಡ ಹಾಕಿದ್ದ ಸಂಕದ ಕಡೆ ಕೈ ತೋರಿಸಿದರು. ಎರಡು ಅಡಕೆ ಮರಗಳನ್ನು ಜೋಡಿಸಿ ಮಾಡಿದ ಕಾಲುಸಂಕ, ಪಾಚಿ ಹಿಡಿದು ಹಸಿರಾಗಿತ್ತು. ಕೆಳಗೆ ಕೆಂಪು ನೀರು ಸದ್ದು ಮಾಡುತ್ತಿತ್ತು. ದಾಟಿ ಹದಿನೈದು ಹೆಜ್ಜೆ ನಡೆದರೆ ಗೂಡಿನ ಎದುರಿಗೇ ನಿಲ್ಲಬಹುದಂತೆ. ಎಲ್ಲರೂ ಅಲ್ಲಿಂದಲೇ ಫೋಟೋ ತೆಗೆದರಂತೆ.

ನಾನು ಚಪ್ಪಲಿ ಬಿಚ್ಚಿ ಒಂದು ಕಾಲನ್ನು ಸಂಕದ ಮೇಲಿಟ್ಟೆ. ಪಾಚಿಯಲ್ಲಿ ಕಾಲು ಜಾರಿತು. ಲೀಲಕ್ಕ ಕತ್ತಿ ಕೆಳಗಿಟ್ಟು ಬಂದರು.

"ಕೈ ಹಿಡೀತೇನೆ ಅಣ್ಣ, ಬನ್ನಿ. ಒಬ್ರನ್ನು ಮಾತ್ರ ನನಗೆ ದಾಟಿಸ್ಲಿಕ್ಕೆ ಆಗ್ಲಿಲ್ಲ. ಇಲ್ಲಿ ಮೇಲೆ ಒಬ್ರು ಜೈನರು ಇದ್ರು, ವಾಚಿನವರು. ಆ ಕಲ್ಲಿನಲ್ಲಿ ಕೂತು ದಿನಾ ಸಂಜೆ ಆಚೆಗೇ ನೋಡೋದು. ಬನ್ನಿ ದಾಟಿಸ್ತೇನೆ ಅಂದ್ರೆ, ಇಲ್ಲ ಲೀಲ, ಈ ನಾಲ್ಕು ತಿಂಗಳು ಮೂಡಕ್ಕೆ ಈ ನೀರು, ಪಡುವಕ್ಕೆ ನನ್ನ ಅಂಗಡಿ, ಅಷ್ಟೇ ನನ್ನ ಗೆರೆ ಅಂತಿದ್ರು. ದೀಪಾವಳಿ ಕಳೆದು ದಾಟಿದ್ರು. ಆಗ ಹಕ್ಕಿ ಎಲ್ಲಿ ಉಂಟು?"

ಮೂಡಕ್ಕೆ ಇಷ್ಟು, ಪಡುವಕ್ಕೆ ಇಷ್ಟು ಎಂದು ದಿಕ್ಕು ದಿಕ್ಕಿಗೆ ಗೆರೆ ಹಾಕಿಕೊಳ್ಳುವ ವ್ರತ ಗೃಹಸ್ಥರಿಗೂ ಇದೆ ಎಂಬುದು ನಾನು ಓದಿದ್ದ ಪುಟದಲ್ಲಿ ಇರಲಿಲ್ಲ. ಹಾಗಾದರೆ ಅಂಗಡಿಗೆ ಬರುವುದೂ ತೋಡು ದಾಟದಿರುವುದೂ ಒಂದೇ ಮಾತಿನ ಎರಡು ತುದಿಗಳು. ನನಗಿಂತ ಹೆಚ್ಚು ಆ ಹಕ್ಕಿಯನ್ನು ಹತ್ತಿರದಿಂದ ನೋಡಬೇಕೆಂದಿದ್ದವರು ಹದಿನೈದು ಹೆಜ್ಜೆಯ ದೂರದಲ್ಲಿ ದಿನವೂ ಕುಳಿತು ಎದ್ದು ಹೋಗುತ್ತಿದ್ದರು.

ಸಂಕದಿಂದ ಕಾಲು ಹಿಂದಕ್ಕೆ ತೆಗೆದೆ. ಲೀಲಕ್ಕ ನಾನು ಹೆದರಿದೆ ಎಂದುಕೊಂಡರು, ಅರ್ಧ ನಿಜವೇ. ಉಳಿದರ್ಧ ಹೀಗೆ: ಆಚೆ ಹೋದರೆ ಹಕ್ಕಿ ಕಾಣುತ್ತದೆ ಎಂಬುದಕ್ಕೆ ಪುಣೆಯವರ ಫೋಟೋ ಸಾಕ್ಷಿ. ನಾನು ಹದಿನೆಂಟು ವರ್ಷಗಳ ಹಿಂದೆ ಅಲ್ಲಗಳೆದದ್ದು ಅದನ್ನಲ್ಲ. ಈ ದಡದಲ್ಲಿ ಕುಳಿತ ಮನುಷ್ಯನಿಗೆ ಬರಿಗಣ್ಣಿನಲ್ಲಿ ಅದು ಕಂಡೀತೇ ಎಂಬುದೇ ಪ್ರಶ್ನೆ. ದುರ್ಬೀನನ್ನು ಚೀಲಕ್ಕೆ ಹಾಕಿ, ಆ ಕಲ್ಲಿನ ಮೇಲೆ ಕುಳಿತೆ.

ಎರಡು ಗಂಟೆ ಕುಳಿತೆ. ಮಳೆ ಬಂತು, ಬಿಟ್ಟಿತು, ಮತ್ತೆ ಬಂತು. ಜಿಗಣೆಗಳು ಹತ್ತಿದವು. ಲೀಲಕ್ಕ ಬೆಲ್ಲದ ಕಾಫಿ ತಂದುಕೊಟ್ಟರು. ಸಕ್ಕರೆ ಕಾಯಿಲೆ ಎಂದು ಹೇಳುವ ಧೈರ್ಯವಾಗದೆ ಕುಡಿದೆ. ಗಡಿಯಾರ ನೋಡಿ ನೋಡಿ ಕತ್ತು ನೋಯತೊಡಗಿತು. ನೇಮಿರಾಜರು ಸೂರ್ಯ ಮುಳುಗುವ ಮೊದಲು ಊಟ ಮುಗಿಸಿ, ಸ್ವಲ್ಪ ಹೊತ್ತಿಗೆಲ್ಲ ಮಲಗಿಬಿಡುವವರು; ಅಷ್ಟರೊಳಗೆ ಮೂಡುಬಿದಿರೆ ಸೇರಬೇಕಾದರೆ ಅಳದಂಗಡಿಯಲ್ಲಿ ಒಂದೂವರೆಯ ಬಸ್ಸು ತಪ್ಪಬಾರದು. ಕಂಡದ್ದಿಲ್ಲ ಎಂದು ಹೇಳಲು ಇಷ್ಟು ದೂರ ಹೋಗುವುದೇ? ಹನ್ನೆರಡೂಮುಕ್ಕಾಲಾಯಿತು. ಎದ್ದು ನಿಲ್ಲಬೇಕೆಂದು ಕೈ ಊರಿದೆ.

ದರೆಯಿಂದ ಏನೋ ಒಂದು ಹೊರಟು, ನೀರಿನ ಮೇಲೆ ಚಾಚಿದ್ದ ಬೇರಿನ ಮೇಲೆ ಕುಳಿತಿತು. ಒಂದು ಉಸಿರಿನಷ್ಟು ಹೊತ್ತು. ಕಿತ್ತಳೆಯ ಕೊಕ್ಕು ಕಂಡಿತು, ಹಳದಿ ಕಂಡಿತು. ನೇರಳೆಯನ್ನು ನಾನು ನೋಡಿದೆನೋ, ನೇಮಿರಾಜರ ಮಾತಿನಿಂದ ನೆನಪಿಸಿಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ. ಅಷ್ಟರಲ್ಲಿ ಇಲ್ಲ. ಹನ್ನೆರಡು ಗಂಟೆ ಐವತ್ತೆರಡು ನಿಮಿಷ.

ಮೂಡುಬಿದಿರೆಯ ಮನೆ ಹುಡುಕಿ ಜಗಲಿ ಹತ್ತಿದಾಗ ನಾಲ್ಕೂವರೆ ದಾಟಿತ್ತು. ಬಸ್ಸಿನಲ್ಲಿ ಕ್ಷಮೆ ಕೇಳುವ ಮಾತುಗಳನ್ನು ಒಳ್ಳೆಯ ಗ್ರಾಂಥಿಕ ಕನ್ನಡದಲ್ಲಿ ಜೋಡಿಸಿಕೊಂಡು ಬಂದಿದ್ದೆ. ಬಾಗಿಲು ತೆರೆದವಳು ಮಗಳು ಪದ್ಮಜ. ನನ್ನ ಗುರುತು ಹಿಡಿದು ಅವಳ ಮುಖ ಒಂದು ಕ್ಷಣ ಬಿಗಿಯಾಯಿತು. ತಂದೆಯನ್ನು ಬಸ್ ಸ್ಟ್ಯಾಂಡಿನವರು ಆಡಿಕೊಂಡದ್ದು ಅವಳಿಗೂ ತಿಳಿದಿತ್ತು. ಆದರೂ ಒಳಗೆ ಕರೆದಳು. ನೇಮಿರಾಜರು ಕುರ್ಚಿಯಲ್ಲಿ ಕುಳಿತಿದ್ದರು, ತುಂಬಾ ಸಣ್ಣಗಾಗಿದ್ದರು. ಯಾರು ಎಂದು ಕೇಳಿದರು. ಗಡಿಯಾರ ಬಿಚ್ಚಿ ಅವರ ಅಂಗೈಯಲ್ಲಿಟ್ಟೆ.

ಅವರು ಅದನ್ನು ಕಿವಿಗೆ ಹಿಡಿದರು. ತುಂಬ ಹೊತ್ತು ಹಿಡಿದರು.

"ಇದಕ್ಕೆ ಎಣ್ಣೆ ಹಾಕದೆ ಎಷ್ಟು ವರ್ಷ ಆಯ್ತು ಶೆಟ್ರೆ?"

ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಹೋದವು. ನನ್ನ ಬಾಯಿಂದ ಬಂದದ್ದು ಇಷ್ಟು: "ಆ ಕಲ್ಲಿನಿಂದ ಕಾಣ್ತದೆ ನೇಮಿರಾಜರೆ. ಇವತ್ತು ಹನ್ನೆರಡು ಐವತ್ತೆರಡಕ್ಕೆ."

"ದಾಟಿದಿರಾ?"

"ಇಲ್ಲ. ನಿಮಗೆ ಎಷ್ಟು ಕಂಡಿತ್ತೋ, ಅಷ್ಟೇ."

ಅವರು ಗಡಿಯಾರವನ್ನು ಹಿಂದಕ್ಕೆ ಕೊಡಲಿಲ್ಲ. ಹೆಬ್ಬೆರಳಿನಿಂದ ಅದರ ಗಾಜನ್ನು ಉಜ್ಜುತ್ತಾ ಕುಳಿತರು. ಆಮೇಲೆ ಮೆಲ್ಲನೆ ಹೇಳಿದರು: "ನೀವು ಇಲ್ಲ ಅಂದದ್ದು ನನಗೆ ಬೇಜಾರಿಲ್ಲ. ಕೇಳಿ ಕೇಳಿ, ಕಡೆಗೆ ನನಗೇ ನಾನು ನೋಡ್ಲಿಲ್ಲವೋ ಏನೋ ಅಂತ ಆಯ್ತು. ಮರುವರ್ಷ ವ್ರತಕ್ಕೆ ಮೊದಲು ದಾಟಿ ನೋಡಬಹುದಿತ್ತು. ದಾಟ್ಲಿಲ್ಲ. ಇಲ್ಲದ್ದನ್ನು ಎಂತ ನೋಡುವುದು ಅಂತ. ಈಗ ಕಣ್ಣೂ ಇಲ್ಲ."

ನನ್ನ ಸಂಶಯ ನನ್ನೊಬ್ಬನ ಆಸ್ತಿ ಎಂದು ನಾನು ತಿಳಿದಿದ್ದೆ. ಅದು ಇನ್ನೊಬ್ಬನ ಕಣ್ಣಿಗೆ ಹೋಗಿ ಕೂತು ಹದಿನೇಳು ವರ್ಷ ಇತ್ತು.

ಆಮೇಲೆ ಅವರೇ ಕೇಳಿದರು, ಅದರ ಸ್ವರ ಕೇಳಿತೇ ಎಂದು. ಸೂಜಿಯಂಥ ಸಣ್ಣ ಸ್ವರ. ಹೊರಡುವ ಮೊದಲು ಎರಡು ಸಲ ಕೂಗುತ್ತದೆ. ಅವರು ಯಾವಾಗಲೂ ಮೊದಲು ಕೇಳಿ ಆಮೇಲೆ ನೋಡುತ್ತಿದ್ದದ್ದು. ನನಗೆ ಏನೂ ಕೇಳಿರಲಿಲ್ಲ. ಮೂವತ್ತು ವರ್ಷ ಹಾರ್ನು ಕೇಳಿದ ಕಿವಿಗೆ ಸೂಜಿಗಳೆಲ್ಲ ನಿಂತುಹೋಗಿವೆ. "ಹಾಗಾದ್ರೆ ನೀವು ನೋಡಿದ್ದು ಅರ್ಧ" ಎಂದು ಅವರು ನಕ್ಕರು. ತಟ್ಟೆ ಇಡುತ್ತಿದ್ದ ಪದ್ಮಜಳೂ ನಕ್ಕಳು. "ಮಾಮ, ಊಟ ಮಾಡಿಯೇ ಹೋಗಿ. ಈಗ ಅಪ್ಪನ ಗೆರೆ ಮೂಡಕ್ಕೆ ಬಚ್ಚಲು, ಪಡುವಕ್ಕೆ ಜಗಲಿ. ಈ ವರ್ಷ ಎಲ್ಲಿಗೂ ಬರುವ ಹಾಗಿಲ್ಲ" ಎಂದಳು. ಹೊರಗೆ ಇನ್ನೂ ಬೆಳಕಿರುವಾಗಲೇ ನಾವು ಮೂವರೂ ಉಂಡೆವು.

ಈಗ ಹುಣ್ಣಿಮೆಯ ಲೆಕ್ಕ ನಿಮಗೆ ತಿಳಿದಿರಬೇಕು. ಆಷಾಢದ ಹುಣ್ಣಿಮೆಯ ಹೊತ್ತಿಗೆ ನೇಮಿರಾಜರು ಮತ್ತೆ ಗೆರೆ ಹಾಕಿಕೊಳ್ಳುತ್ತಾರೆ. ಅದಕ್ಕೆ ಮೊದಲು ಹಕ್ಕಿ ಬಂದರೆ ಅಳಿಯ ಕಾರು ತರುತ್ತಾನೆ, ಲೀಲಕ್ಕ ಕೈ ಹಿಡಿಯುತ್ತಾರೆ, ಸಂಕ ದಾಟಿಸುತ್ತೇವೆ. ಅವರು ಕೇಳಬೇಕು, ನಾನು ನೋಡಬೇಕು. ಇಬ್ಬರೂ ಸೇರಿದರೆ ಒಬ್ಬ ಮನುಷ್ಯ ಅದನ್ನು ಸರಿಯಾಗಿ ಕಂಡಂತಾಗುತ್ತದೆ. ಆದರೆ ಈ ವರ್ಷ ಮಳೆ ತಡವಾಗಿದೆ. ದರೆಯ ಒಂದು ಬದಿ ಜರಿದಿದೆ ಎಂದು ಲೀಲಕ್ಕ ಹೇಳಿದರು. ನಾನು ದಿನಕ್ಕೆ ಎರಡು ಸಲ ಫೋನು ಮಾಡುತ್ತೇನೆ. ನಿನ್ನೆ ಅವರು, "ಬಂದ್ರೆ ಹಕ್ಕಿ ಹತ್ರವೇ ಫೋನು ಮಾಡಿಸ್ತೇನೆ, ನೀವು ಸುಮ್ಮನಿರಿ ಅಣ್ಣ" ಎಂದರು. ಗೆರೆಯನ್ನು ಈ ಸಲ ತೋಡಿನ ಆಚೆಗೆ ಹಾಕಬಾರದೇ ಎಂದು ನೇಮಿರಾಜರನ್ನು ಕೇಳಿ ನೋಡಿದೆ. ಹಕ್ಕಿಗಾಗಿ ಗೆರೆ ಸರಿಸಿದರೆ ಅದು ಗೆರೆಯಲ್ಲ ಶೆಟ್ರೆ ಎಂದರು. ನಾನು ವಾದಿಸಲಿಲ್ಲ. ಎಂಬತ್ತಮೂರು ವರ್ಷದ ಮನುಷ್ಯನ ಮುಂದೆ ಮುಂದಿನ ವರ್ಷ ಎಂಬ ಮಾತನ್ನೂ ಆಡಲಿಲ್ಲ.

ದುರ್ಬೀನಿನ ಮಸೂರದಿಂದ ತವುಡು ಒರೆಸಿ, ಹಕ್ಕಿಗಳ ಪುಸ್ತಕ ತೆಗೆದೆ. ಹದಿನೆಂಟು ವರ್ಷಗಳ ಹಿಂದಿನ ಪುಟದ ಅಂಚಿನಲ್ಲಿ ಕಳೆದ ವರ್ಷವೇ ಬರೆದಿದ್ದೇನೆ: ಮೂರು ಬೆರಳಿನ ಮಿಂಚುಳ್ಳಿ, ತೋಡಿನಾಚೆ, ಕಂಡವರು ನೇಮಿರಾಜರು. ಆ ಪುಸ್ತಕದಲ್ಲಿ ನಾನು ಕಣ್ಣಾರೆ ಕಾಣದೆ ಬರೆದ ಸಾಲು ಅದೊಂದೇ ಆಗಿತ್ತು. ಇಂದು ಬೆಳಿಗ್ಗೆ ಇನ್ನೊಂದು ಸೇರಿತು. ಬಸ್ಸು ಬರುವ ಮೊದಲು ಬಸ್ಸಿನ ಹೆಸರು ಬರೆಯುವ ಟೈಮ್ ಕೀಪರನನ್ನು ಅದೇ ದಿನ ಮನೆಗೆ ಕಳಿಸುತ್ತಾರೆ. ಮೂವತ್ತು ವರ್ಷದಲ್ಲಿ ಒಮ್ಮೆಯೂ ನಾನು ಆ ತಪ್ಪು ಮಾಡಿದವನಲ್ಲ. ಇಂದು ಹಕ್ಕಿಯ ಹೆಸರು ಬರೆದೆ. ಕೇಳಿದವರು ನೇಮಿರಾಜರು, ಕಂಡವನು ನಾನು ಎಂದು ಬರೆದೆ. ಗಂಟೆ ಮತ್ತು ನಿಮಿಷದ ಜಾಗವನ್ನು ಖಾಲಿ ಬಿಟ್ಟು, ಪೆನ್ನಿನ ಮುಚ್ಚಳ ಹಾಕದೆ ಫೋನಿನ ಪಕ್ಕದಲ್ಲಿ ಕುಳಿತಿದ್ದೇನೆ.